ಜಡೆಗೆ ಎರೆದ ಹಾಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೊಂದು ಹಾವು ಸಾಕಿದ್ದೆವು. ನಗಬೇಡಿ, ಕಥೆ ಕಟ್ಟುತ್ತಿಲ್ಲ. ಕಣಕಟ್ಟೆ ಹತ್ತಿರದ ನಮ್ಮೂರಲ್ಲಿ ತೆಂಗಿನ ತೋಟವಿದ್ದವರ ಮನೆಯಲ್ಲೆಲ್ಲ ಅಡುಗೆಮನೆಯ ಮೇಲೊಂದು ಅಟ್ಟ ಇರುತ್ತಿತ್ತು. ಕಿತ್ತ ಕಾಯಿಗಳನ್ನು ಅಲ್ಲಿ ತುಂಬಿಟ್ಟರೆ ಒಲೆಯ ಶಾಖಕ್ಕೆ ಒಣಗಿ, ವರ್ಷದ ಹೊತ್ತಿಗೆ ಒಳಗಿನ ಕೊಬ್ಬರಿ ಕಳಚಿಕೊಂಡು ಗಡಗಡ ಸದ್ದು ಮಾಡುತ್ತಿತ್ತು. ಕಾಯಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಮ್ಮಜ್ಜಿಯ ಬೈಗುಳ. ಮೂರೂ ಯಾವತ್ತೂ ತಪ್ಪುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಕಾಯಿ ಸುಲಿಸುತ್ತಿದ್ದಾಗ ಸಿಪ್ಪೆಯ ರಾಶಿಯೊಳಗಿಂದ ಕೇರೆ ಹಾವಿನ ಮರಿಯೊಂದು ಬಾಲದ ತುದಿ ತುಂಡಾಗಿ ಹೊರಬಂತು. ಎಲ್ಲರೂ ದೊಣ್ಣೆ ಹುಡುಕಿದರು. ಅಕ್ಕ ಓಡಿಬಂದು ಲಂಗದ ಮಡಿಲಿಗೆ ಹಾಕಿಕೊಂಡು ಒಳಗೆ ಹೋಗಿ, ಗಾಯಕ್ಕೆ ಅರಿಶಿನ ಮೆತ್ತಿದಳು. ಅಪ್ಪ ಒಂದು ಗಳಿಗೆ ಯೋಚಿಸಿ, "ಕೇರೆ ಅಲ್ವಾ, ವಿಷ ಇಲ್ಲ. ಇಲಿ ಹಿಡೀತೈತೆ, ಇರ್ಲಿ ಬಿಡು" ಎಂದರು. ಅಕ್ಕನ ಜಡೆಯಷ್ಟೇ ಉದ್ದವಿತ್ತೆಂದು ನಾವು ಅದಕ್ಕೆ ಜಡೆ ಎಂದೇ ಹೆಸರಿಟ್ಟೆವು.

ಎರಡು ವರ್ಷದಲ್ಲಿ ಜಡೆ ಅಕ್ಕನಿಗಿಂತ ಉದ್ದ ಬೆಳೆಯಿತು. ಹಗಲೆಲ್ಲ ಅಟ್ಟದ ಮೇಲೆ ಕಾಯಿಗಳ ನಡುವೆ ಹರಿದಾಡುತ್ತಿತ್ತು, ಸಂಜೆ ಅಕ್ಕ ಅದನ್ನು ಬಿದಿರಿನ ಬುಟ್ಟಿಗೆ ಹಾಕಿ ಮುಚ್ಚಳ ಕಟ್ಟುತ್ತಿದ್ದಳು. ಅದರ ಮೈಗೆ ಒಣಕೊಬ್ಬರಿಯ ವಾಸನೆ ಅಂಟಿಕೊಂಡಿತ್ತು. ತೋಳಿನ ಮೇಲೆ ಬಿಟ್ಟುಕೊಂಡರೆ ತಣ್ಣಗೆ, ಭಾರವಾಗಿ, ಅವಸರವಿಲ್ಲದೆ ಜರುಗುತ್ತಿತ್ತು. ಅಕ್ಕನ ಹತ್ತಿರ ಹೋದಷ್ಟು ಸಲೀಸಾಗಿ ನನ್ನ ಹತ್ತಿರ ಬರುತ್ತಿರಲಿಲ್ಲ. ಅದಕ್ಕೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಆ ವರ್ಷ ನಾಗರಪಂಚಮಿಯ ದಿನ ಅಜ್ಜಿ, ಅವ್ವ, ಅಕ್ಕ ಮೂವರೂ ಹುತ್ತಕ್ಕೆ ಹಾಲೆರೆಯಲು ಹೋದರು. ಕಣ್ಣಿಗೇ ಕಾಣದ ನಾಗಪ್ಪನಿಗೆ ಚೊಂಬು ತುಂಬ ಹಾಲು, ಮನೆಯಲ್ಲೇ ಇರುವ ಜಡೆಗೆ ಒಂದು ತೊಟ್ಟೂ ಇಲ್ಲವಲ್ಲ ಎನಿಸಿತು. ಕೇರೆ ಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿಗೆ ಬಾಯಿ ಹಾಕುತ್ತದೆಂದು ಊರಿನವರೆಲ್ಲ ಹೇಳುತ್ತಿದ್ದರು. ಅಷ್ಟು ಜನ ಹೇಳಿದ್ದು ಸುಳ್ಳಾಗುತ್ತದೆಯೇ? ಬಟ್ಟಲಲ್ಲಿ ಹಾಲಿಟ್ಟೆ, ಜಡೆ ಮುಖ ತಿರುಗಿಸಿತು. ಆಗ ನೆನಪಾದದ್ದು ಒಳಲೆ. ಹಸುಗೂಸುಗಳಿಗೆ ಹಾಲು ಕುಡಿಸುವ, ಮುಂದೆ ಚೂಪು ಮೂತಿಯಿರುವ ಪುಟ್ಟ ಬೆಳ್ಳಿ ಬಟ್ಟಲು ಅದು. ನನಗೂ ಅದರಲ್ಲೇ ಕುಡಿಸಿದ್ದರಂತೆ. ನಾನು ಜಡೆಯ ಕತ್ತನ್ನು ಮಂಡಿಗಳ ನಡುವೆ ಹಿಡಿದು, ಬಾಯಿ ಬಿಡಿಸಿ, ಮೂರು ಒಳಲೆ ಹಾಲು ಎರೆದೆ. ಅದು ಒದ್ದಾಡಿತು, ಮೂಗಿನಿಂದ ನೊರೆ ಬಂತು. ಹೊಟ್ಟೆ ತುಂಬಿತೆಂದುಕೊಂಡು, ಒಳಲೆ ತೊಳೆದು ಇದ್ದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ.

ಅದೇ ಸಂಜೆ ಅಕ್ಕ ಬುಟ್ಟಿಯನ್ನು ಗಾಳಿಯಾಡಲೆಂದು ಕಿಟಕಿಯಲ್ಲಿಟ್ಟು ಮರೆತಳು. ಶ್ರಾವಣದ ಸೋನೆಮಳೆ ಗಾಳಿಗೆ ಒಳಕ್ಕೆ ಬಡಿದು ಬುಟ್ಟಿ ನೆನೆಯಿತು. ನೆನಪಾದೊಡನೆ ಓಡಿಬಂದು ತನ್ನ ಬಟ್ಟೆಯಲ್ಲೇ ಜಡೆಯ ಮೈ ಒರೆಸಿದಳು.

ನಾಲ್ಕು ದಿನ ಕಳೆದು ಬಂದ ಆ ದಿನವನ್ನು ನಿಮಗೆ ಹೇಳಬೇಕು. ಬೆಳಿಗ್ಗೆ ಅಕ್ಕ ಮುಚ್ಚಳ ತೆಗೆದಾಗ ಜಡೆ ಕತ್ತನ್ನು ನೆಟ್ಟಗೆ ಮೇಲೆತ್ತಿ, ಬಾಯಿ ತೆರೆದುಕೊಂಡಿತ್ತು. ಒಂದೊಂದು ಉಸಿರಿಗೂ ಎಸರು ಕುದಿಯುವ ಸದ್ದು. ಮೂಗಿನ ತೂತಿನಲ್ಲಿ ಗುಳ್ಳೆ ಏಳುತ್ತಿತ್ತು, ಒಡೆಯುತ್ತಿತ್ತು. ಅಜ್ಜಿ ವಿಭೂತಿ ತಂದು ಹಚ್ಚಿದರು. ಅಕ್ಕ ನೆಲದ ಮೇಲೆ ಕುಸಿದು ಕೂತು, "ನಾನೇ ಕಿಟಕೀಲಿ ಇಟ್ಟೆ ಕಣವ್ವಾ, ನಾನೇ ಕೊಂದೆ" ಎಂದು ಅಳತೊಡಗಿದಳು. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಹಾಲಿನ ನೊರೆ ನನಗೆ ಆಗಲೇ ನೆನಪಾಗಿತ್ತು.

ಅಪ್ಪ ಟವೆಲ್ ಹೆಗಲಿಗೇರಿಸಿ, "ಅರಸೀಕೆರೆ ದನದ ಆಸ್ಪತ್ರೆಗೆ ಹೋಗ್ ಬತ್ತೀವಿ. ಬುಟ್ಟಿ ತಗೊಳ್ಲಾ" ಎಂದರು. ದೊಡ್ಡವಳಾದ ಹುಡುಗಿ ಹಾವು ಹೊತ್ತು ಪೇಟೆ ಸುತ್ತುವುದು ಬೇಡವೆಂದು ಅಜ್ಜಿ ಅಕ್ಕನನ್ನು ಬಿಡಲಿಲ್ಲ. ಅವಳು ಬಸ್ಸಿನ ತನಕ ಬಂದು ತನ್ನ ಹೊದಿಕೆಯನ್ನು ಬುಟ್ಟಿಗೆ ಸುತ್ತಿ ಕೊಟ್ಟಳು.

ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಯಲ್ಲಿ ಏನೆಂದು ಕೇಳಿದ. ಅಪ್ಪ "ಕೋಳಿ" ಎಂದುಬಿಟ್ಟರು. ಹಣೆ ತುಂಬ ವಿಭೂತಿ ಹಚ್ಚಿ, ಕೊರಳಲ್ಲಿ ಲಿಂಗ ಕಟ್ಟಿದವರ ಬಾಯಲ್ಲಿ ಕೋಳಿ! ಆತ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಬುಟ್ಟಿಗೆ ಕಿವಿಗೊಟ್ಟು, "ಕೋಳೀಗೆ ನೆಗಡಿ ಆದಂಗೈತೆ ಸ್ವಾಮಿ" ಎಂದ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ತೊಡೆಯ ಮೇಲಿನ ಬುಟ್ಟಿಯೊಳಗೆ ಒಂದು ಉಸಿರು ಮುಗಿದು ಇನ್ನೊಂದು ಶುರುವಾಗುವ ತನಕ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಮಾಲೇಕಲ್ಲಿನ ಬೆಟ್ಟ ಕಂಡಾಗ, ಇದೊಂದನ್ನು ಉಳಿಸಿಕೊಡು ವೆಂಕಟರಮಣ, ಮೆಟ್ಟಿಲನ್ನೆಲ್ಲ ಮೊಣಕಾಲಲ್ಲೇ ಹತ್ತುತ್ತೇನೆ ಎಂದು ಹರಕೆ ಹೊತ್ತೆ. ನಮ್ಮದು ಶಿವನ ಒಕ್ಕಲು. ಆದರೆ ಆ ಹೊತ್ತಿಗೆ ಯಾವ ದೇವರಾದರೂ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ಎತ್ತು, ಎಮ್ಮೆಗಳ ಸಾಲಿನ ಕೊನೆಗೆ ನಿಂತೆವು. ಡಾಕ್ಟರು ವಯಸ್ಸಾದವರು. ಮುಚ್ಚಳ ತೆಗೆದು ಎರಡು ಹೆಜ್ಜೆ ಹಿಂದೆ ಸರಿದರು, ಆಮೇಲೆ ತಾವೇ ನಕ್ಕು ಹತ್ತಿರ ಬಂದರು. ಅಪ್ಪ ಕಿಟಕಿಯ ಮಳೆಯ ವಿಷಯ ಹೇಳಿದರು. ಡಾಕ್ಟರು ಟಾರ್ಚ್ ಬಿಟ್ಟು ಜಡೆಯ ಬಾಯೊಳಗೆ ಬಹಳ ಹೊತ್ತು ನೋಡಿದರು. "ಬರೀ ನೆಂದಿದ್ದಕ್ಕೆ ಇಷ್ಟಾಗಲ್ಲ. ಏನಾದ್ರೂ ಕುಡಿಸಿದ್ರಾ?" ಎಂದರು.

"ಇಲ್ಲ ಸ್ವಾಮಿ, ನಾವ್ಯಾರೂ ಏನೂ ಕುಡಿಸಿಲ್ಲ" ಎಂದರು ಅಪ್ಪ.

ಡಾಕ್ಟರು ನನ್ನನ್ನು ನೋಡಿದರು. ಹೇಳಿದರೆ ಜಡೆಗೆ ಸರಿಯಾದ ಔಷಧಿ ಸಿಗಬಹುದು, ಹೇಳಿದರೆ ಅಕ್ಕ ಜೀವಮಾನದಲ್ಲಿ ನನ್ನ ಮುಖ ನೋಡಲಾರಳು. ಬುಟ್ಟಿಯೊಳಗೆ ಮತ್ತೊಂದು ಗುಳ್ಳೆ ಒಡೆಯಿತು. "ಹಾಲು" ಎಂದೆ. "ಪಂಚಮಿ ದಿನ. ಒಳಲೇಲಿ."

ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಹಾವಿಗೆ ಹಾಲು ಆಹಾರ ಅಲ್ಲಪ್ಪ. ಬಾಯಲ್ಲೇ ಮುಂದ್ಗಡೆ ಇರುತ್ತೆ ಅದರ ಉಸಿರಿನ ತೂತು. ನೀನು ಎರೆದಿದ್ದು ಹೊಟ್ಟೆಗೆ ಹೋಗಿಲ್ಲ, ಶ್ವಾಸಕೋಶಕ್ಕೆ ಹೋಗಿ ಕೀವಾಗಿದೆ" ಎಂದರು. ಹಾವಿಗೆ ಔಷಧಿ ಕೊಟ್ಟು ತಮಗೆ ಅಭ್ಯಾಸವಿಲ್ಲವೆಂದು ಒಪ್ಪಿಕೊಂಡೇ ಸಣ್ಣದೊಂದು ಇಂಜೆಕ್ಷನ್ ಚುಚ್ಚಿದರು. ಬೆಚ್ಚಗಿಡಬೇಕು, ಹೊಗೆ ಮಾತ್ರ ತಾಗಬಾರದು ಎಂದರು.

ಬಸ್ಸಿಳಿದು ಮನೆ ಕಡೆ ನಡೆಯುವಾಗ ಅಪ್ಪ ಒಂದೇ ಮಾತು ಆಡಿದರು. "ಅಕ್ಕಂಗೆ ನಾನು ಹೇಳಲ್ಲ. ನೀನೇ ಹೇಳ್ಬೇಕು ಕಣೋ."

ಬೆಚ್ಚಗಿಡಬೇಕು, ಹೊಗೆ ಬೇಡ. ಎಲ್ಲಿಡುವುದು? ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗ ಅಟ್ಟವೊಂದೇ, ಅಲ್ಲಿ ಹೊಗೆ ಬಿಟ್ಟರೆ ಬೇರೇನಿಲ್ಲ. ಅಕ್ಕ ಬಚ್ಚಲ ಒಲೆಯಲ್ಲಿ ಇಟ್ಟಿಗೆ ಕಾಯಿಸಿದಳು. ನಾನು ಗೋಣಿಚೀಲದಲ್ಲಿ ಸುತ್ತಿ ನಡುಮನೆಗೆ ಹೊತ್ತೆ. ಅವಳು ಬುಟ್ಟಿಯ ಸುತ್ತ ಜೋಡಿಸಿದಳು. ಆರಿದ್ದನ್ನು ತೆಗೆ, ಕಾದದ್ದನ್ನು ಇಡು. ಮಧ್ಯಾಹ್ನವೆಲ್ಲ ಹೀಗೇ ಓಡಾಡಿದೆವು, ಅಂಗೈಯಲ್ಲಿ ಬೊಬ್ಬೆ ಬಂತು. ಹಾವನ್ನು ಒಂದು ದಿನವೂ ಮುಟ್ಟದ ಅಪ್ಪ, ಇಟ್ಟಿಗೆ ಕಾಯುವ ತನಕ ತಮ್ಮ ಕಂಬಳಿಯಲ್ಲಿ ಅದನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡರು. ಪ್ರತಿ ಸಲ ಇಟ್ಟಿಗೆ ತರುವಾಗಲೂ ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಅಕ್ಕ, "ಬೇಗ ತಾರೋ" ಎನ್ನುತ್ತಿದ್ದಳು. ನಾನು ಮತ್ತೆ ಓಡುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಬುಟ್ಟಿಯಲ್ಲಿದ್ದ ಜಡೆ ಕತ್ತನ್ನು ಇನ್ನೂ ಮೇಲಕ್ಕೆ, ಅಕ್ಕನ ಗಲ್ಲದ ತನಕ ಎತ್ತಿತು. ಗಾಳಿ ಎಲ್ಲಿದೆ ಎಂದು ಹುಡುಕುತ್ತಿತ್ತು. ಆಮೇಲೆ ನಿಧಾನವಾಗಿ ಅವಳ ಕೈಮೇಲೆ ಇಳಿಯಿತು. ಇಟ್ಟಿಗೆ ಇನ್ನೂ ಬಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ತೋಟದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆವು. ಅಜ್ಜಿ ಶಾಸ್ತ್ರ ಬಿಡುವವರಲ್ಲ. ಒಂದು ಚೊಂಬು ಹಾಲು ತಂದು ನನ್ನ ಕೈಗೇ ಕೊಟ್ಟರು. "ಮನೆ ಗಂಡುಮಗ, ನೀನೇ ಎರೆಯಪ್ಪ." ಅಪ್ಪ ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಅಕ್ಕ, "ನಾನು ಕಿಟಕಿ ಮುಚ್ಚಿದ್ದಿದ್ರೆ" ಎಂದು ಬಿಕ್ಕುತ್ತಿದ್ದಳು. ಆದರೂ ಎರೆದೆ. ಹಾಲು ಹಸಿಮಣ್ಣಿನೊಳಗೆ ಇಳಿದು ಹೋಯಿತು. ಆಗಲೂ ನಾನು ಹೇಳಲಿಲ್ಲ. ಅಪ್ಪ ತಮ್ಮ ಕೊನೆಗಾಲದ ತನಕ ಕಾದರು, ಒಂದು ದಿನವೂ ನೆನಪಿಸಲಿಲ್ಲ.

ನಿಮ್ಮ ಕಾಲ ಬೇರೆ, ಮಕ್ಕಳೇ. ಈಗ ಹಾವು ಸಾಕುವುದು ಕಾನೂನಿಗೇ ವಿರುದ್ಧ. ಮನೆಯೊಳಗೆ ಹಾವು ಬಂದರೆ ಯಾರಿಗೂ ದೊಣ್ಣೆ ಬೇಕಿಲ್ಲ, ಫೋನು ಮಾಡಿದರೆ ಹಿಡಿಯುವವರು ಬಂದು ಕಾಡಿಗೆ ಬಿಡುತ್ತಾರೆ. ಮೊನ್ನೆ ಪಂಚಮಿಗೆ ನೀವು ಫೋನಿನಲ್ಲಿ ಏನನ್ನೋ ತೋರಿಸಿ, "ಹಾವು ಹಾಲು ಕುಡಿಯಲ್ಲ ತಾತ, ನಿಮಗೆ ಗೊತ್ತಾ?" ಎಂದಿರಿ. ಗೊತ್ತು ಎಂದೆ. ನಾನು ಅರಸೀಕೆರೆ ತನಕ ಹೋಗಿ, ತಡವಾಗಿ ತಿಳಿದದ್ದು ನಿಮಗೆ ಕೂತಲ್ಲೇ ಸಿಗುತ್ತದೆ. ಸಂತೋಷ. ಆದರೆ ತಪ್ಪನ್ನು ಬಾಯಿಬಿಟ್ಟು ಹೇಳುವ ಕೆಲಸವನ್ನು ಯಾವ ಫೋನೂ ನಮ್ಮ ಬದಲಿಗೆ ಮಾಡಿಕೊಡುವುದಿಲ್ಲ.

ಮಾದಿಹಳ್ಳಿಯ ಅಜ್ಜಿ, ಅಂದರೆ ನನ್ನ ಅಕ್ಕ, ಒಂದು ಹನಿ ಬಿದ್ದರೂ ಸಾಕು, ಊಟ ಬಿಟ್ಟು ಎದ್ದು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಬರುತ್ತಾಳೆ. ನೀವು ಅದನ್ನು ಆಡಿಕೊಂಡು ನಗುತ್ತೀರಿ. ನೀವು ನಕ್ಕಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ.

ನಿನ್ನೆ ಅವಳಿಗೆ ಫೋನು ಮಾಡಿದೆ. ಜಡೆ ಸತ್ತದ್ದು ಮಳೆಗಲ್ಲ, ನಾನು ಎರೆದ ಹಾಲಿಗೆ ಎಂದೆ. ಅರವತ್ತು ವರ್ಷದ ಮಾತು, ಹೇಳಿ ಮುಗಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಅಪ್ಪಂಗೆ ಗೊತ್ತಿತ್ತೇನೋ?" ಎಂದಳು.

"ಗೊತ್ತಿತ್ತು ಅಕ್ಕಾ."

ಅವಳ ಕಡೆ ಹೆಂಚಿನ ಮೇಲೆ ಮಳೆ ಶುರುವಾದದ್ದು ನನಗೆ ಕೇಳಿಸಿತು. ಅವಳಿಗೂ ಕೇಳಿಸಿರಬೇಕು.

"ತಾಳು" ಎಂದಳು ಅಕ್ಕ. "ಕಿಟಕಿ ಮುಚ್ಚಿ ಬತ್ತೀನಿ."