ಮೂರನೆಯ ಕಪ್ ಚಹಾ

ಉತ್ತರ ಜರ್ಮನಿಯ ಲೇರ್ ಪಟ್ಟಣದ ಎಲೆಕ್ಟ್ರಿಷಿಯನ್ ಫೊಕ್ಕೊಗೆ ತಪ್ಪು ಒಪ್ಪಿಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟೇ ಸಂಕಟ. ಆದರೂ ಆ ಬೇಸಿಗೆಯೆಲ್ಲ ಹನ್ನೊಂದು ಮನೆಗಳ ಕದ ತಟ್ಟಿ ಒಪ್ಪಿಕೊಂಡ. ಬಾಲ್ಕನಿಯ ಸೋಲಾರ್ ಫಲಕದ ಕರೆಂಟು ಮನೆಯ ಮೂರು ಫೇಸುಗಳಲ್ಲಿ ಒಂದಕ್ಕೆ ಮಾತ್ರ ಸೇರುತ್ತದೆ, ಆದ್ದರಿಂದ ಫ್ರಿಜ್ಜೂ ಅದೇ ಫೇಸಿನಲ್ಲಿದ್ದರೆ ಮಾತ್ರ ಬಿಲ್ಲು ಇಳಿಯುತ್ತದೆ ಎಂದು ಅವನು ಆ ಮನೆಗಳಲ್ಲೆಲ್ಲ ಉದ್ದುದ್ದ ವೈರು ಎಳೆದಿದ್ದ. ಮೀಟರು ಮೂರೂ ಫೇಸುಗಳನ್ನು ಕೂಡಿಸಿ, ಕಳೆದು ಒಂದೇ ಲೆಕ್ಕ ಹಿಡಿಯುತ್ತದೆ, ಫ್ರಿಜ್ಜು ಯಾವ ಫೇಸಿನಲ್ಲಿದ್ದರೂ ಬಿಲ್ಲು ಅಷ್ಟೇ ಎಂಬುದು ಅವನಿಗೆ ತಡವಾಗಿ ತಿಳಿಯಿತು.

ಕೊನೆಯ ಮನೆ ಮುದುಕಿ ಓಕ್ಕಾಳದು. ಅವಳು ಕೆಟಲಿನಿಂದ ಚಹಾ ಬಗ್ಗಿಸಿದಳು. ಎರಡು ಕಪ್ ಕುಡಿದ ಮೇಲೆ ಫೊಕ್ಕೊ ಆ ಕಡೆಯ ರೂಢಿಯಂತೆ, ಇನ್ನು ಸಾಕೆಂದು ತಿಳಿಸಲು ಚಮಚವನ್ನು ಕಪ್ಪಿನೊಳಗೆ ನಿಲ್ಲಿಸಿ, "ಓಕ್ಕಜ್ಜೀ, ಆ ವೈರು ಬೇಕಾಗಿರ್ಲಿಲ್ಲ. ನಂದೇ ತಪ್ಪು," ಎಂದ.

"ಗೊತ್ತು ಬಿಡಪ್ಪ. ಹೋದ ವರ್ಷವೇ ಕಿತ್ತು, ಬಟ್ಟೆ ಒಣಗಿಸೋಕೆ ಕಟ್ಕೊಂಡಿದೀನಿ."

ಫೊಕ್ಕೊ ಬೆಪ್ಪಾದ. "ನಿಮಗೆ ಹೆಂಗೆ ಗೊತ್ತಾಯ್ತು?"

ಅವಳು ಅವನ ಚಮಚವನ್ನು ಎತ್ತಿ ಪಕ್ಕಕ್ಕಿಟ್ಟು, ಮೂರನೆಯ ಕಪ್ ತುಂಬಿದಳು.

"ಕಪ್ ಮೂರಾದ್ರೇನು, ಖಾಲಿಯಾಗೋ ಕೆಟಲ್ ಒಂದೇ ಅಲ್ವೇನಯ್ಯ?"