ಟೀಚರ್ ಹಿಡಿದ ಕಳ್ಳ

ಅಥಣಿಯಲ್ಲಿ ನಮ್ಮ ಪಕ್ಕದ ಮನೆಯ ಕಂಪ್ಯೂಟರ್ ಟೀಚರ್ ಯಾವ ಕೆಲಸಕ್ಕೂ "ಮೊದಲ ಗಟ್ಟಿ ಮಾಡೂಣ್ರಿ" ಎನ್ನುತ್ತಿದ್ದರು. ಒಮ್ಮೆ ತಮ್ಮ ಲಿನಕ್ಸ್ ಕಂಪ್ಯೂಟರಿನ ಪ್ರೋಗ್ರಾಮುಗಳನ್ನೆಲ್ಲ ಹೆಚ್ಚು ಸುರಕ್ಷಿತವಾದ ಕಂಪೈಲರಿನಿಂದ, ಅಂದರೆ ಒಳಗಿನ ತಪ್ಪು ಎದುರಾದ ಕೂಡಲೇ ಪ್ರೋಗ್ರಾಮು ನಿಲ್ಲುವಂತೆ ಕಾವಲು ಸೇರಿಸಿ ಕಟ್ಟುವ ಸಾಧನದಿಂದ, ಹೊಸದಾಗಿ ತಯಾರಿಸತೊಡಗಿದರು. ಕರೆಂಟು ಹೋದಾಗಲೆಲ್ಲ ನಕ್ಕು, ಸೆರಗು ಸಿಕ್ಕಿಸಿ ಮತ್ತೆ ಶುರುಮಾಡುತ್ತಿದ್ದರು.

ಅದು ಮುಗಿದ ದಿನವೇ ಅವರ ನಾದಿನಿಯ ಮದುವೆ ಫೋಟೊ ನೋಡಲು ಬೀಗರು ಬಂದು ಕೂತರು. ಫೋಟೊ ತೋರಿಸುವ ಪ್ರೋಗ್ರಾಮು ತೆರೆದ ಕೂಡಲೇ ನಿಂತುಹೋಯಿತು.

"ಯವ್ವಾ, ಕೆಟ್ಟ ಹೋತೇನ?" ಎಂದು ಟೀಚರ್ ಅವರ ಅತ್ತೆ ಗಾಬರಿಯಾದರು.

ಟೀಚರ್ ಚಪ್ಪಾಳೆ ತಟ್ಟಿದರು. "ಇಲ್ರಿ ಅತ್ತಿ! ಇದರಾಗ ಮೊದಲಿಂದ ಒಂದ ತಪ್ಪ ಅಡಗಿ ಕುಂತಿತ್ತು. ಹೊಸಾ ಕಂಪೈಲರ್ ಇಟ್ಟ ಕಾವಲು ಅದನ್ನ ಹಿಡದ ನಿಲ್ಲಿಸೇತಿ."

ಬೀಗರು ಚಹಾ ಕುಡಿಯುವಷ್ಟರಲ್ಲಿ ಟೀಚರ್ ಆ ತಪ್ಪನ್ನು ತಿದ್ದಿದರು. ಫೋಟೊಗಳು ಬಂದವು.

ಮರುದಿನ ಅತ್ತೆ ನಳದ ಹತ್ತಿರ ಎಲ್ಲರಿಗೂ ಹೇಳುತ್ತಿದ್ದರು: "ಕಂಪ್ಯೂಟರಿನ್ಯಾಗ ಕಳ್ಳ ಹೊಕ್ಕಿದ್ದನ್ರಿ. ನಮ್ಮ ಸೊಸಿ ನಕ್ಕೋಂತನ ಹಿಡದಳು."