ಧರೆಪ್ಪ ಹೇಳಿದ ನಿಜ

ಹಾರೂಗೇರಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಗುರಪ್ಪನಿಗೆ ಹವ್ಯಾಸಿ ರೇಡಿಯೊದ ಹುಚ್ಚು ಎಷ್ಟು ಹಳೆಯದೋ, ತೆಲಸಂಗದ ಧರೆಪ್ಪನ ಮೇಲಿನ ದ್ವೇಷವೂ ಅಷ್ಟೇ ಹಳೆಯದು. ಗುರಪ್ಪನ ಹಳೆಯ ಟ್ರಾನ್ಸ್‌ಮಿಟರಿನಲ್ಲಿ ದನಿಯನ್ನು ಅಲೆಗೆ ಹೊರಿಸುವ ಟ್ರಾನ್ಸ್‌ಫಾರ್ಮರ್ ಸುಟ್ಟಾಗ, ಮೈಕ್‌ಸೆಟ್ಟಿನದೊಂದನ್ನು ತಂದು ಕೂಡಿಸಿದ. ಅದು ಹೊಂದಿತೋ ಇಲ್ಲವೋ ಎಂದು ದೂರದಲ್ಲಿ ಕೇಳಿದವರೇ ಹೇಳಬೇಕು. ಕೇಳಿದವನು ತೆಲಸಂಗದಲ್ಲಿ ಅದೇ ಹುಚ್ಚು ಹಿಡಿಸಿಕೊಂಡಿದ್ದ ಧರೆಪ್ಪನೊಬ್ಬನೇ.

“ದನಿ ಒಡ್ಯಾಕತ್ತೈತಿ. ಟ್ರಾನ್ಸ್‌ಫಾರ್ಮರ್ ಮ್ಯಾಚ್ ಆಗಿಲ್ಲ, ತಂತಿ ಬದಲಿ ಮಾಡು,” ಎಂದ ಧರೆಪ್ಪ ರೇಡಿಯೊದಲ್ಲೇ.

“ಹೊಟ್ಟಿಕಿಚ್ಚಿನ ಸೂಳೆಮಗ! ಅಂವಾ ಕೆಟ್ಟೈತಿ ಅಂದ್ರ ಛಲೋ ಐತಿ ಅಂತನ ಅರ್ಥ,” ಎಂದು ಹೆಂಡತಿ ಕಾಂಚನಳೆದುರು ಹಲ್ಲು ಕಡಿದ ಗುರಪ್ಪ, ತಂತಿ ಮುಟ್ಟಲಿಲ್ಲ; ಮೈಕಿಗೆ ಇನ್ನಷ್ಟು ಜೋರಾಗಿ ಒದರಿದ.

ಮೂರನೆಯ ದಿನ ಆ ಟ್ರಾನ್ಸ್‌ಫಾರ್ಮರೂ ಸುಟ್ಟು ಮನೆತುಂಬ ಹೊಗೆಯಾಯಿತು.

ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಕಂಡ ಧರೆಪ್ಪನ ಕೊರಳಪಟ್ಟಿ ಹಿಡಿದು ಗುರಪ್ಪ ಕೇಳಿದ: “ಅವತ್ತ ಖರೇನ ಹೇಳಿದ್ಯೇನಲೇ?”

“ಖರೇನ ಹೇಳಿದ್ದೆ,” ಎಂದು ಧರೆಪ್ಪ ಅಂಗಿ ಬಿಡಿಸಿಕೊಂಡ. “ಛಲೋ ಐತಿ ಅಂದಿದ್ರ ನೀ ತಂತಿ ಬದಲಿ ಮಾಡ್ತಿದ್ದಿ.”